ಚಿಕ್ಕ ಹುದ್ದೆ, ದೊಡ್ಡ ಪರೀಕ್ಷೆ

ನವೆಂಬರ್ 11 ಸಂತ ಮಾರ್ಟಿನರ ಹಬ್ಬ. ಸೈನಿಕರಾಗಿದ್ದು ಮುಂದೆ ಧರ್ಮಾಧ್ಯಕ್ಷರಾದ ಈ ಸಂತರು ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತಮ್ಮ ಮೇಲಂಗಿಯ ಅರ್ಧವನ್ನು ಕೊಟ್ಟ ಕಥೆ ನಮಗೆಲ್ಲ ಗೊತ್ತು. ಮೊದಲನೆಯ ಮಹಾಯುದ್ಧ ನಿಂತದ್ದೂ 1918ರ ಇದೇ ದಿನ. ಅಂದು ಬೆಳಿಗ್ಗೆಯವರೆಗೆ ಫ್ರಾನ್ಸಿನಲ್ಲಿ ಫಿರಂಗಿ ಹಾರಿಸುತ್ತಿದ್ದ ಅಮೆರಿಕದ ಕ್ಯಾಪ್ಟನ್ ಒಬ್ಬರು ಮುಂದೆ ಆ ದೇಶದ ಅಧ್ಯಕ್ಷರಾದರು. ಅವರೇ ಹ್ಯಾರಿ ಟ್ರೂಮನ್. 1945ರಲ್ಲಿ ಜಪಾನಿನ ಮೇಲೆ ಅಣುಬಾಂಬ್ ಹಾಕಿಸಿದ ಅವರ ನಿರ್ಧಾರವನ್ನು ಮಾನವಕುಲದ ಮನಸ್ಸಾಕ್ಷಿ ಇಂದಿಗೂ ಪ್ರಶ್ನಿಸುತ್ತಿದೆ. ಆದರೆ ಅದಕ್ಕಿಂತ ಮುಂಚೆ ಅವರು ಹತ್ತು ವರ್ಷ ಒಂದು ಚಿಕ್ಕ ಹುದ್ದೆಯಲ್ಲಿದ್ದರು. ನಾವು ಇಲ್ಲಿ ನೋಡುವುದು ಆ ವರ್ಷಗಳನ್ನು.

ಟ್ರೂಮನ್ ಹುಟ್ಟಿದ್ದು 1884ರಲ್ಲಿ, ಮಿಸ್ಸೌರಿ ರಾಜ್ಯದಲ್ಲಿ. ಕಣ್ಣಿನ ದೃಷ್ಟಿ ಮಂದ. ಹನ್ನೊಂದು ವರ್ಷ ಕುಟುಂಬದ ಜಮೀನಿನಲ್ಲಿ ದುಡಿದವರು 1917ರಲ್ಲಿ, 33ನೆಯ ವಯಸ್ಸಿನಲ್ಲಿ, ಯುದ್ಧಕ್ಕೆ ಹೊರಟರು. ಮರುವರ್ಷ ಅವರ ಕೈಗೆ ಬಂದದ್ದು ‘ಡಿ ಬ್ಯಾಟರಿ’ ಎಂಬ ಫಿರಂಗಿ ದಳ. ಸುಮಾರು 190 ಜನರ ಆ ದಳದಲ್ಲಿ ಹೆಚ್ಚಿನವರು ಕಾನ್ಸಾಸ್ ನಗರದ ಐರಿಷ್ ಮತ್ತು ಜರ್ಮನ್ ಮೂಲದ ಕಥೋಲಿಕ ಹುಡುಗರು. ಹಿಂದಿನ ಅಧಿಕಾರಿಗಳ ಮಾತು ಕೇಳದ ತುಂಟರು. ಟ್ರೂಮನ್ ಬ್ಯಾಪ್ಟಿಸ್ಟ್ ಸಭೆಯವರು, ಮೇಲಾಗಿ ಫ್ರೀಮೇಸನ್. ಆದರೂ ಒಂದು ರಾತ್ರಿ ಶತ್ರುಗಳ ಗುಂಡಿನ ಸುರಿಮಳೆಗೆ ಹೆದರಿ ಹಲವರು ಓಡತೊಡಗಿದಾಗ ಅವರು ನಿಂತಲ್ಲೇ ನಿಂತು, ಬೈದು, ಅವರನ್ನು ಹಿಂದಕ್ಕೆ ಕರೆದರು. ಅಂದಿನಿಂದ ಹುಡುಗರು ಅವರಿಗೆ ಒಲಿದರು. ರೆಜಿಮೆಂಟಿನ ಕಥೋಲಿಕ ಗುರು ಫಾದರ್ ಟಿಯರ್ನನ್ ಅವರ ಆಪ್ತ ಮಿತ್ರರಾದರು.

ಊರಿಗೆ ಮರಳಿ ಗೆಳೆಯ ಎಡ್ಡಿ ಜೇಕಬ್‌ಸನ್ ಜೊತೆ ತೆರೆದ ಬಟ್ಟೆ ಅಂಗಡಿ 1922ರಲ್ಲಿ ಮುಚ್ಚಿತು. ಟ್ರೂಮನ್ ದಿವಾಳಿ ಘೋಷಿಸಿಕೊಳ್ಳದೆ ವರ್ಷಗಟ್ಟಲೆ ಸಾಲ ತೀರಿಸಿದರು. ಅದೇ ವರ್ಷ ಜಾಕ್ಸನ್ ಕೌಂಟಿಯ ನ್ಯಾಯಾಧೀಶರ ಚುನಾವಣೆಗೆ ನಿಂತರು. ಹೆಸರು ನ್ಯಾಯಾಧೀಶ, ಆದರೆ ಕೆಲಸ ಮೊಕದ್ದಮೆ ವಿಚಾರಣೆಯಲ್ಲ. ರಸ್ತೆ, ಕಟ್ಟಡ, ಅನಾಥರ ಮತ್ತು ವೃದ್ಧರ ಆಶ್ರಯಮನೆ, ತೆರಿಗೆ ಹಣದ ಖರ್ಚು ಇವನ್ನು ನೋಡಿಕೊಳ್ಳುವುದು. ನಮ್ಮ ಜಿಲ್ಲಾ ಪಂಚಾಯತ್ ಕೆಲಸದಂತೆ ಎನ್ನಬಹುದು.

ಆ ಕಾಲದಲ್ಲಿ ಕಪ್ಪು ಜನರನ್ನೂ ಯೆಹೂದ್ಯರನ್ನೂ ಕಥೋಲಿಕರನ್ನೂ ದ್ವೇಷಿಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಸಂಘಕ್ಕೆ ಅಲ್ಲಿ ಬಹಳ ಬಲವಿತ್ತು. ಓಟಿನ ಆಸೆಗೆ ಟ್ರೂಮನ್ ಸದಸ್ಯತ್ವಕ್ಕೆ 10 ಡಾಲರ್ ಕೊಟ್ಟಿದ್ದರು ಎಂದು ಅವರ ಯುದ್ಧಕಾಲದ ಗೆಳೆಯರೊಬ್ಬರು ಮುಂದೆ ಹೇಳಿದ್ದಾರೆ. ಆದರೆ ‘ಗೆದ್ದರೆ ಕಥೋಲಿಕರಿಗೆ ಕೆಲಸ ಕೊಡಬಾರದು’ ಎಂಬ ಷರತ್ತು ಬಂದಾಗ ಅವರು ಒಪ್ಪಲಿಲ್ಲ. ತಮ್ಮೊಡನೆ ಕೆಸರಿನಲ್ಲಿ ಮಲಗಿ, ಸಾವನ್ನು ಎದುರಿಸಿದ ಹುಡುಗರ ಅನ್ನಕ್ಕೆ ಕಲ್ಲು ಹಾಕಲು ಅವರ ಮನಸ್ಸು ಒಪ್ಪಲಿಲ್ಲ. ಹಣ ವಾಪಸಾಯಿತು. ಆ ಚುನಾವಣೆಯಲ್ಲಿ ಹೇಗೋ ಗೆದ್ದರು. 1924ರಲ್ಲಿ ಕ್ಲಾನ್ ಅವರ ವಿರುದ್ಧ ಕೆಲಸ ಮಾಡಿತು, ಪಕ್ಷವೂ ಒಡೆದಿತ್ತು, ಅವರು ಸೋತರು. ಆಗ ಮನೆಯಲ್ಲಿ ತಿಂಗಳುಗಳ ಹಸುಗೂಸು.

1926ರಲ್ಲಿ ಮುಖ್ಯ ನ್ಯಾಯಾಧೀಶರಾಗಿ ಮತ್ತೆ ಗೆದ್ದರು. 1928ರಲ್ಲಿ ರಸ್ತೆಗಳಿಗಾಗಿ 65 ಲಕ್ಷ ಡಾಲರ್ ಸಾಲಕ್ಕೆ ಜನ ಒಪ್ಪಿಗೆ ಕೊಟ್ಟರು. ಕಡಿಮೆ ದರ ಹೇಳಿದವರಿಗೇ ಗುತ್ತಿಗೆ ಎಂಬ ಮಾತನ್ನು ಟ್ರೂಮನ್ ಉಳಿಸಿಕೊಂಡರು. ಹೆದ್ದಾರಿಯೊಂದು ತಮ್ಮ ತಾಯಿಯ ಹೊಲವನ್ನು ಸೀಳಿ ಹೋದಾಗಲೂ ತಾಯಿಗೆ ಪರಿಹಾರ ಕೊಡಲಿಲ್ಲ!

ಆದರೆ ಅವರನ್ನು ಬೆಳೆಸಿದ ಪಕ್ಷದ ನಾಯಕ ಟಾಮ್ ಪೆಂಡರ್‌ಗಾಸ್ಟ್ ಭ್ರಷ್ಟರು. ದುಃಖದ ಸಂಗತಿಯೆಂದರೆ ಅವರು ಕಥೋಲಿಕರು. ದೊಡ್ಡ ಕೆಲಸ ಉಳಿಯಲೆಂದು ಆ ನಾಯಕನ ಕಡೆಯವರ ಕೆಲವು ಕಳ್ಳತನಗಳಿಗೆ ಟ್ರೂಮನ್ ಕಣ್ಣು ಮುಚ್ಚಿಕೊಂಡರು. 1930ರ ದಶಕದ ಆರಂಭದಲ್ಲಿ ಹೋಟೆಲ್ ಕೋಣೆಯೊಂದರಲ್ಲಿ ಒಬ್ಬರೇ ಕುಳಿತು, ತಾವು ಮಾಡಿದ್ದು ಸರಿಯೇ ಎಂದು ತಮ್ಮನ್ನೇ ಕೇಳಿಕೊಂಡು ಬರೆದಿಟ್ಟ ಹಾಳೆಗಳು ಇಂದಿಗೂ ಉಳಿದಿವೆ. ಅದು ಗುರುಗಳ ಮುಂದೆ ಮಾಡಿದ ಪಾಪನಿವೇದನೆಯಲ್ಲ; ಆದರೂ ಪ್ರಾಮಾಣಿಕ ಆತ್ಮಶೋಧನೆ. ಪೆಂಡರ್‌ಗಾಸ್ಟ್ 1939ರಲ್ಲಿ ತೆರಿಗೆ ವಂಚನೆಗಾಗಿ ಜೈಲು ಸೇರಿದರು. ಟ್ರೂಮನ್ ಅಷ್ಟರಲ್ಲಿ ಸೆನೆಟ್ ಸದಸ್ಯರಾಗಿದ್ದರು.

1949ರ ಜನವರಿ 20ರಂದು, ಚುನಾವಣೆ ಗೆದ್ದ ಟ್ರೂಮನ್ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ ದಿನ, ಮೆರವಣಿಗೆಯಲ್ಲಿ ಅವರ ಕಾರಿನ ಎರಡೂ ಬದಿಗೆ ನಡೆದವರು ಯಾರು ಗೊತ್ತೇ? ತಲೆ ನರೆತ ಡಿ ಬ್ಯಾಟರಿಯ ಅದೇ ಹುಡುಗರು.

ಪ್ರಿಯ ಓದುಗರೇ, ನಮ್ಮಲ್ಲೂ ಪಂಚಾಯಿತಿ ಸದಸ್ಯರಿದ್ದಾರೆ, ಸಹಕಾರ ಸಂಘದ ನಿರ್ದೇಶಕರಿದ್ದಾರೆ, ಧರ್ಮಕೇಂದ್ರದ ಪಾಲನಾ ಸಮಿತಿಯವರಿದ್ದಾರೆ. ನಮ್ಮ ಸಹಿಯಿಂದ ಒಬ್ಬರಿಗೆ ಕೆಲಸ ಸಿಗಬಹುದು, ಇನ್ನೊಬ್ಬರಿಗೆ ತಪ್ಪಬಹುದು. ಅನ್ಯಸಭೆಯ ಒಬ್ಬ ಮನುಷ್ಯ ನಮ್ಮ ಜನರ ಪರವಾಗಿ ಸೋಲಿನ ಅಪಾಯಕ್ಕೆ ಒಡ್ಡಿಕೊಂಡ. ಬೇರೆ ಧರ್ಮದ, ಬೇರೆ ಜಾತಿಯ ನೆರೆಯವರು ಅರ್ಜಿ ಹಿಡಿದು ನಮ್ಮ ಮುಂದೆ ನಿಂತಾಗ ನಾವು ಏನು ಮಾಡುತ್ತೇವೆ? ಕಿರಿದಾದುದರಲ್ಲಿ ನಂಬಿಗಸ್ತರಾಗಿರಬೇಕೆಂದು ಯೇಸುಸ್ವಾಮಿ ಬೋಧಿಸಿದ್ದು ಇಂಥ ಗಳಿಗೆಗಾಗಿಯೇ.