ಹಸುಗೂಸಿನ ಅಳು: ಅರಿತು ಸಂತೈಸಿದ ಬಗೆ, ಅಡಗಿಸಿದ ಬಗೆ

ಮಾತು ಬಾರದ ಕೂಸಿನ ನೋವನ್ನು ಅರಿಯುವುದು ಹೇಗೆಂಬ ಪ್ರಶ್ನೆಯನ್ನು ಭಾರತೀಯ ವೈದ್ಯ ಪರಂಪರೆ ಬಹು ಹಿಂದೆಯೇ ಎತ್ತಿಕೊಂಡಿತ್ತು. ಆಯುರ್ವೇದದ ಎಂಟು ಅಂಗಗಳಲ್ಲಿ ಶಿಶುಗಳ ಪಾಲನೆ ಮತ್ತು ಚಿಕಿತ್ಸೆಗೆ ಮೀಸಲಾದ ಅಂಗಕ್ಕೆ ಕೌಮಾರಭೃತ್ಯವೆಂದು ಹೆಸರು. ಅದರ ಮುಖ್ಯ ಗ್ರಂಥವಾದ ಕಾಶ್ಯಪ ಸಂಹಿತೆಯ ಅಪೂರ್ಣ ಹಸ್ತಪ್ರತಿಯೊಂದು ನೇಪಾಳದಲ್ಲಿ ದೊರೆತು, ರಾಜಗುರು ಹೇಮರಾಜ ಶರ್ಮರ ಶ್ರಮದಿಂದ 1938ರಲ್ಲಿ ಅಚ್ಚಾಯಿತು. ಈ ಗ್ರಂಥದ ಸೂತ್ರಸ್ಥಾನದಲ್ಲಿ ವೇದನಾಧ್ಯಾಯವೆಂಬ ಭಾಗವಿದ್ದು, ತನ್ನ ಬಾಧೆಯನ್ನು ತಾನೇ ಹೇಳಿಕೊಳ್ಳಲಾರದ ಮಗುವಿನ ರೋಗವನ್ನು ಅದರ ಚೇಷ್ಟೆಗಳಿಂದ, ಎಂದರೆ ಮೈಯ ಚಲನೆ ಮತ್ತು ಹಾವಭಾವಗಳಿಂದ, ಗುರುತಿಸುವ ಕ್ರಮವನ್ನು ಅದು ವಿವರಿಸುತ್ತದೆ.

ಆ ವಿವರಗಳಲ್ಲಿ ಕಾಣುವ ಗಮನದ ಸೂಕ್ಷ್ಮತೆ ಇಂದಿಗೂ ಗೌರವ ಹುಟ್ಟಿಸುತ್ತದೆ. ತಲೆನೋವಿರುವ ಕೂಸು ತಲೆಯನ್ನು ಅತ್ತಿತ್ತ ಹೊರಳಿಸುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ, ರಾತ್ರಿಯಲ್ಲಿ ನರಳುತ್ತದೆ. ಕಿವಿನೋವಾದರೆ ಕೈಗಳಿಂದ ಕಿವಿಯನ್ನು ಮುಟ್ಟಿಕೊಳ್ಳುತ್ತ ತಲೆಯಾಡಿಸುತ್ತದೆ. ಹೊಟ್ಟೆ ನೋಯುತ್ತಿದ್ದರೆ ಮೊಲೆಯನ್ನು ಬಿಟ್ಟು ಅಳುತ್ತದೆ, ಹೊಟ್ಟೆ ಬಿಗಿಯುತ್ತದೆ, ಮುಖ ಬೆವರುತ್ತದೆ. ಅಳುವೊಂದನ್ನೇ ಆಧಾರವಾಗಿಟ್ಟುಕೊಳ್ಳದೆ, ಹಾಲು ಕುಡಿಯುವ ಬಗೆ, ನಿದ್ರೆ, ಕೈಕಾಲುಗಳ ಆಟ ಇವೆಲ್ಲವನ್ನೂ ಜೊತೆಗಿಟ್ಟು ನೋಡಬೇಕೆಂಬುದು ಈ ಅಧ್ಯಾಯದ ತಿರುಳು. ಚರಕ ಸಂಹಿತೆಯ ಶಾರೀರಸ್ಥಾನ ಇನ್ನೊಂದು ಮುಖ್ಯ ಮಾತನ್ನು ಸೇರಿಸುತ್ತದೆ: ಅಳುವ ಅಥವಾ ಉಣ್ಣದ ಮಗುವನ್ನು ರಾಕ್ಷಸ, ಪಿಶಾಚಿ, ಪೂತನಿಯರ ಹೆಸರು ಹೇಳಿ ಹೆದರಿಸಕೂಡದು. ಮಗುವನ್ನು ಗದರಿಸಬಾರದು, ಥಟ್ಟನೆ ಎಬ್ಬಿಸಬಾರದು, ಮೈಗೆ ಹಿತವಾಗುವಂತೆ ಎತ್ತಿಕೊಳ್ಳಬೇಕು ಎಂಬುದು ಸುಶ್ರುತ ಸಂಹಿತೆಯ ಉಪದೇಶ. ಗುಮ್ಮನನ್ನು ಕರೆದು ಮಕ್ಕಳ ಬಾಯಿ ಮುಚ್ಚಿಸುವ ರೂಢಿ ಎಷ್ಟು ಹಳೆಯದೋ ಅದರ ನಿಷೇಧವೂ ಅಷ್ಟೇ ಹಳೆಯದಿರಬೇಕು.

ಆದರೆ ಇದೇ ಪರಂಪರೆಯಲ್ಲಿ, ಕಾರಣ ತಿಳಿಯದ ಅಳುವನ್ನು ಬಾಲಗ್ರಹಗಳ, ಎಂದರೆ ಶಿಶುಗಳನ್ನು ಹಿಡಿದು ಪೀಡಿಸುವ ಶಕ್ತಿಗಳ, ಬಾಧೆಯೆಂದು ಬಗೆಯುವ ಧಾರೆಯೂ ಹರಿದು ಬಂದಿದೆ. ಸುಶ್ರುತ ಸಂಹಿತೆ ಸ್ಕಂದ, ಶಕುನಿ, ರೇವತಿ, ಪೂತನಾ, ನೈಗಮೇಷ ಮೊದಲಾದ ಒಂಬತ್ತು ಗ್ರಹಗಳನ್ನು ಹೆಸರಿಸುತ್ತದೆ. ಕನ್ನಡದಲ್ಲಿಯೂ ದೇವೇಂದ್ರಮುನಿ ಎಂಬ ಜೈನ ಕವಿ ‘ಬಾಲಗ್ರಹ ಚಿಕಿತ್ಸೆ’ಯನ್ನು ರಚಿಸಿದನು. ಎಳೆಯ ಮಕ್ಕಳ ಸಾವು ಮನೆಮನೆಯ ಅನುಭವವಾಗಿದ್ದ ಕಾಲದಲ್ಲಿ, ನಿಲ್ಲದ ಅಳುವನ್ನು ಕೇಳಿದ ಮನೆಯವರಲ್ಲಿ ಹುಟ್ಟುತ್ತಿದ್ದ ಭೀತಿಯನ್ನು ಈ ಗ್ರಂಥಗಳ ಹಿನ್ನೆಲೆಯಲ್ಲಿ ಮರೆಯಲಾಗದು.

ಗ್ರಂಥಗಳನ್ನು ಓದದ ಅಜ್ಜಿಯರು ಮತ್ತು ಸೂಲಗಿತ್ತಿಯರು ಕರ್ನಾಟಕದ ಮನೆಗಳಲ್ಲಿ ನಡೆಸಿಕೊಂಡು ಬಂದ ಕ್ರಮಕ್ಕೆ ಬಾಣಂತನವೇ ಚೌಕಟ್ಟು. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳು ಮೂರು ತಿಂಗಳೋ ಐದು ತಿಂಗಳೋ ಅಲ್ಲಿಯೇ ಉಳಿಯುವುದು, ಹಿರಿಯಳೊಬ್ಬಳು ಕಾಲು ಚಾಚಿ ಕುಳಿತು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರೆರೆಯುವುದು, ಸಾಂಬ್ರಾಣಿಯ ಹೊಗೆ ತೋರಿಸಿ ಹಳೆಯ ಹತ್ತಿಸೀರೆಯ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಮಲಗಿಸುವುದು, ಹಾಲು ಕುಡಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗಿಸುವುದು ಇದರ ಅಂಗಗಳು. ಮುಸ್ಸಂಜೆಯಲ್ಲಿ ಕೂಸು ಬಿಡದೆ ಅತ್ತರೆ ದೃಷ್ಟಿಯಾಯಿತೆಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಎಳೆಗೂಸುಗಳ ಅಳು ಸಂಜೆಯ ಹೊತ್ತಿನಲ್ಲಿಯೇ ಹೆಚ್ಚುವುದನ್ನು ಈಚಿನ ಅಧ್ಯಯನಗಳು ದಾಖಲಿಸಿವೆ. ದೃಷ್ಟಿಯ ನಂಬಿಕೆಯನ್ನು ಒಪ್ಪದಿದ್ದರೂ, ದಣಿದ ತಾಯಿಯೊಬ್ಬಳೇ ಅಳುವನ್ನು ಎದುರಿಸದಂತೆ ಆ ಹೊತ್ತಿಗೆ ಮನೆಮಂದಿಯನ್ನೆಲ್ಲ ಕೂಸಿನ ಸುತ್ತ ಸೇರಿಸಿದ ಆಚರಣೆಯ ಬೆಲೆಯನ್ನು ಕಡೆಗಣಿಸುವಂತಿಲ್ಲ.

ಸಂತೈಸುವ ಸಾಧನಗಳಲ್ಲಿ ತೊಟ್ಟಿಲಿಗೆ ಮೊದಲ ಸ್ಥಾನ. ಧಾರವಾಡ ಜಿಲ್ಲೆಯ ಕಲಘಟಗಿಯ ಚಿತ್ರಗಾರ ಮನೆತನದವರು ಮರದಲ್ಲಿ ಮಾಡಿ ಅರಗಿನ ಬಣ್ಣಗಳಿಂದ ರಾಮಾಯಣ, ಮಹಾಭಾರತ, ಕೃಷ್ಣಲೀಲೆಗಳ ಪ್ರಸಂಗಗಳನ್ನು ಬರೆದು ಸಿಂಗರಿಸುವ ತೊಟ್ಟಿಲುಗಳು ಉತ್ತರ ಕರ್ನಾಟಕದಲ್ಲಿ ಹೆಸರಾದವು. ಮೊದಲ ಮೊಮ್ಮಗುವಿಗೆ ಇಂಥ ತೊಟ್ಟಿಲನ್ನು ಕೊಡುವುದು ತವರಿನವರ ಹೆಮ್ಮೆ. ನವಜಾತ ಶಿಶುವಿಗೆ ಗೇಣು, ಗೇಣೂವರೆಯಾಚೆ ಏನೂ ಸ್ಪಷ್ಟವಾಗಿ ಕಾಣದಾದ್ದರಿಂದ ಆ ಚಿತ್ರಗಳು ನೋಡಲು ಬಂದ ಬಂಧುಗಳಿಗೆ ಸಲ್ಲುತ್ತಿದ್ದವು, ಕೂಸಿಗೆ ಸಲ್ಲುತ್ತಿದ್ದುದು ತೂಗು ಮತ್ತು ದನಿ. ಬಡವರ ಮನೆಯಲ್ಲಿ ತೊಲೆಗೆ ಕಟ್ಟಿದ ಸೀರೆಯ ಜೋಲಿಯೂ, ಹೊಲದ ಬದುವಿನಲ್ಲಿ ಮರದ ಕೊಂಬೆಗೆ ಬಿಗಿದ ಜೋಳಿಗೆಯೂ ಅದೇ ಕೆಲಸವನ್ನು ಅಷ್ಟೇ ಚೆನ್ನಾಗಿ ಮಾಡಿದವು. ತೂಗುವ ಕೈಯ ಲಯಕ್ಕೆ ಹೊಂದಿ ಹುಟ್ಟಿದ ಜೋಗುಳಗಳು ದಾಸರಲ್ಲಿ ಬಾಲಕೃಷ್ಣನ ಲಾಲಿಯಾದವು, ಹೆಂಗಸರ ಬಾಯಲ್ಲಿ ತ್ರಿಪದಿಗಳಾದವು. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನದಲ್ಲಿ ಕಂದನ ಹಾಡುಗಳಿಗೆ ದೊಡ್ಡ ಪಾಲಿದೆ. ಜನಪದ ಹಾಡುಗಾರ್ತಿಯರು ಅಳುವ ಕಂದನನ್ನು ತಪ್ಪಿತಸ್ಥನಂತೆ ಕಾಣದೆ ಆ ಅಳುವಿನಲ್ಲಿಯೇ ಚೆಲುವನ್ನು ಕಂಡರು. ಈ ಮನೋಭಾವ ಯಾವ ವೈದ್ಯಗ್ರಂಥದ ಉಪದೇಶಕ್ಕಿಂತಲೂ ಕಡಿಮೆಯದಲ್ಲ.

ಅಳುವನ್ನು ಅರಿಯುವ ಬದಲು ಅಡಗಿಸಲು ಹೊರಟ ಚರಿತ್ರೆ ಇಷ್ಟು ಹಿತವಾದುದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ಹಲವೆಡೆ ಕೂಸುಗಳಿಗೆ ಅಫೀಮು ತಿನ್ನಿಸುವ ರೂಢಿಯಿದ್ದು, 1893ರಲ್ಲಿ ನೇಮಕವಾದ ರಾಯಲ್ ಅಫೀಮು ಆಯೋಗದ ಮುಂದೆ ಅದರ ಬಗ್ಗೆ ಸಾಕ್ಷ್ಯಗಳು ಬಂದವು. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದಿನವಿಡೀ ದುಡಿಯುವ ತಾಯಂದಿರು ಅಫೀಮು ಬೆರೆತ ‘ಬಾಲಗೋಳಿ’ಯನ್ನು ಕೊಟ್ಟು ಮಗುವನ್ನು ಮಲಗಿಸಿ ಕೆಲಸಕ್ಕೆ ಹೋಗುತ್ತಿದ್ದರು. ಇದರ ಹೊಣೆಯನ್ನು ಆ ತಾಯಂದಿರ ಮೇಲೆ ಹೊರಿಸುವುದು ಅನ್ಯಾಯ, ಏಕೆಂದರೆ ಕೂಸನ್ನು ನೋಡಿಕೊಳ್ಳುವವರನ್ನಾಗಲಿ ರಜೆಯನ್ನಾಗಲಿ ಗಿರಣಿಯ ದುಡಿಮೆ ಅವರಿಗೆ ಒದಗಿಸಿರಲಿಲ್ಲ. ಅಮೆರಿಕದಲ್ಲಿ 1849ರಿಂದ ಮಾರಾಟವಾದ ‘ಮಿಸೆಸ್ ವಿನ್‌ಸ್ಲೋಸ್ ಸೂದಿಂಗ್ ಸಿರಪ್’ ಎಂಬ ಔಷಧದಲ್ಲಿ ಮಾರ್ಫಿನ್ ಇತ್ತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ 1851ರಲ್ಲಿ ತಯಾರಿಸಿದ ಗ್ರೈಪ್ ವಾಟರ್ ಸಬ್ಬಸಿಗೆ ಎಣ್ಣೆ, ಅಡಿಗೆ ಸೋಡಾ ಮತ್ತು ಸಕ್ಕರೆಯ ಜೊತೆಗೆ ಮದ್ಯಸಾರವನ್ನೂ ಒಳಗೊಂಡಿತ್ತು. ಮುಂದೆ ಅದು ಭಾರತದ ಮನೆಮನೆಯ ಕಪಾಟನ್ನು ಸೇರಿತು. ಮದ್ಯಸಾರವನ್ನು ತೆಗೆದುಹಾಕಿದ ಈಗಿನ ರೂಪದಲ್ಲಿಯೂ ಅದು ಅಳುವನ್ನು ಕಡಿಮೆ ಮಾಡುತ್ತದೆಂಬುದಕ್ಕೆ ದೃಢವಾದ ಆಧಾರವಿಲ್ಲ. ಇವೆಲ್ಲಕ್ಕಿಂತ ಕ್ರೂರವಾದುದು ಹೊಟ್ಟೆ ಉಬ್ಬರಕ್ಕೂ ಬಿಡದ ಅಳುವಿಗೂ ಕಾಯಿಸಿದ ಕಬ್ಬಿಣದಿಂದಲೋ ಉರಿಯುವ ಊದುಬತ್ತಿಯಿಂದಲೋ ಕೂಸಿನ ಹೊಟ್ಟೆಯ ಮೇಲೆ ಬರೆ ಹಾಕುವ ಪದ್ಧತಿ. ಅದು ಉತ್ತರ ಕರ್ನಾಟಕದ ಕೆಲವೆಡೆ ಈ ಶತಮಾನದಲ್ಲಿಯೂ ವರದಿಯಾಗಿದೆ.

ಅಳುವಿನ ವೈಜ್ಞಾನಿಕ ಅಧ್ಯಯನ ಬೆಳೆದುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅಮೆರಿಕದ ಶಿಶುವೈದ್ಯ ಟಿ. ಬೆರಿ ಬ್ರೇಜಲ್ಟನ್ 80 ಶಿಶುಗಳ ಅಳುವಿನ ದಿನಚರಿಯನ್ನು ತಾಯಂದಿರಿಂದ ಬರೆಯಿಸಿ 1962ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರೋಗ್ಯವಂತ ಶಿಶುವಿನ ಅಳು ಆರನೆಯ ವಾರದ ಹೊತ್ತಿಗೆ ದಿನಕ್ಕೆ ಸುಮಾರು ಎರಡೂಮುಕ್ಕಾಲು ಗಂಟೆಗೆ ಏರಿ, ಮೂರು ತಿಂಗಳ ಹೊತ್ತಿಗೆ ಬಹುಮಟ್ಟಿಗೆ ಇಳಿಯುತ್ತದೆ. ಬಾಣಂತನದ ಅವಧಿ ಈ ಏರಿಳಿತವನ್ನು ಪೂರ್ತಿ ಒಳಗೊಳ್ಳುವುದು ಗಮನಾರ್ಹ. ಕೂಸುಗಳನ್ನು ಹೆಚ್ಚು ಹೊತ್ತು ಎತ್ತಿಕೊಂಡಿದ್ದಾಗ ಆರನೆಯ ವಾರದ ಅಳು 43 ಪ್ರತಿಶತ ತಗ್ಗಿತೆಂದು ಕೆನಡಾದಲ್ಲಿ ಹುನ್ಸಿಕರ್ ಮತ್ತು ಬಾರ್ ಅವರು 1986ರಲ್ಲಿ ತೋರಿಸಿದರು. ಹುಟ್ಟಿದ ಕೆಲವೇ ದಿನಗಳ ಶಿಶು ತಾಯಿಯ ದನಿಯನ್ನು ಇತರರ ದನಿಯಿಂದ ಬೇರ್ಪಡಿಸಿ ಗುರುತಿಸುತ್ತದೆಂಬುದು 1980ರಲ್ಲಿಯೇ ಸ್ಥಾಪಿತವಾಗಿತ್ತು. ಎತ್ತಿಕೊಂಡರೆ ಕೂಸಿಗೆ ಚಟ ಹತ್ತುತ್ತದೆಂಬ ಮಾತನ್ನು ಈ ವಯಸ್ಸಿನ ಮಟ್ಟಿಗೆ ಬಿಟ್ಟುಬಿಡಲು ಇಷ್ಟು ಸಾಕು.

ಹೀಗೆ ಎತ್ತುವುದು, ತೂಗುವುದು, ಹಾಡುವುದು ಪರೀಕ್ಷೆಯಲ್ಲಿ ನಿಂತಿವೆ. ತಾಯಿಯ ಹಾಲನ್ನುಳಿದು ಬಾಯಿಗೆ ಹಾಕಿದ ಗೋಳಿ, ಘುಟ್ಟಿ, ತೇಯ್ದ ಬಜೆಗಳು ನಿಂತಿಲ್ಲ. ಆರು ತಿಂಗಳವರೆಗೆ ಎದೆಹಾಲನ್ನು ಬಿಟ್ಟು ಬೇರೇನನ್ನೂ, ನೀರನ್ನು ಸಹ, ಕೊಡಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಲು ಕುಡಿಯಲು ಒಲ್ಲದ, ಮೈ ಬಿಸಿಯಾದ, ಹಸಿರು ವಾಂತಿ ಮಾಡುವ, ದನಿ ಕುಗ್ಗಿ ಮಂಕಾದ ಕೂಸನ್ನು ಮನೆಯ ಯಾವ ಉಪಚಾರಕ್ಕೂ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.