ನೆಲದ ಮೇಲೆ ಕೂತು ನೇಯುವವರಿಗೆ ಬೆನ್ನುನೋವು ಬರುವುದಿಲ್ಲವೇ?

"ನೆಲದ ಮೇಲೆ ಕೂತು ದುಡಿಯುವ ನೇಕಾರರಿಗೆ ಬೆನ್ನುನೋವೇ ಇಲ್ಲ" ಎಂಬ ಮಾತು ವಾಟ್ಸಾಪ್‌ನಲ್ಲಿ ನಮಗೂ ಬಂದಿದೆ. ಇದು ನಿಜವಲ್ಲ.

ಇಳಕಲ್ ಸೀರೆಯ ಕುಣಿಮಗ್ಗವನ್ನೇ ನೋಡೋಣ. ನೇಕಾರರು ನೆಲದಲ್ಲಿ ತೋಡಿದ ಕುಣಿಯ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು ಹಲಗೆ ತುಳಿಯುತ್ತಾರೆ. ಒಂದು ಕೈ ಲಾಳಿಯ ಹಗ್ಗ ಜಗ್ಗಿದರೆ ಇನ್ನೊಂದು ಹಣಿಗೆ ಬಡಿಯುತ್ತದೆ. ಕೈಕಾಲು ಆಡುತ್ತಲೇ ಇರುತ್ತವೆ, ಸರಿ. ಆದರೆ ಎಳೆಯ ಮೇಲೆ ಕಣ್ಣಿಟ್ಟ ಕತ್ತು, ಮುಂದೆ ಬಾಗಿದ ಸೊಂಟ ಗಂಟೆಗಟ್ಟಲೆ ಹಾಗೇ ಇರುತ್ತವೆ. ಬಿಗಿದುಕೊಂಡೇ ಇರುವ ಸ್ನಾಯುವಿನಲ್ಲಿ ರಕ್ತದ ಓಡಾಟ ತಗ್ಗುತ್ತದೆ. ಅದು ಬೇಗ ದಣಿದು ನೋಯುತ್ತದೆ. ಕೈಮಗ್ಗ ನೇಕಾರರ ಕುರಿತ ಅಧ್ಯಯನಗಳಲ್ಲಿ ಸೊಂಟ, ಕತ್ತು, ಭುಜದ ನೋವು ಮತ್ತೆ ಮತ್ತೆ ಕಂಡುಬಂದಿದೆ. ಮನೆಯಲ್ಲಿ ಕಂಡಿಕೆ ಸುತ್ತುವ ಹೆಂಗಸರ ನೋವಂತೂ ಲೆಕ್ಕಕ್ಕೆ ಬರುವುದೇ ಕಡಿಮೆ.

ಹಾಗಾದರೆ ಕುರ್ಚಿಯೇ ಒಳ್ಳೆಯದೇ? ಅಲ್ಲಾಡದೆ ಕೂತರೆ ಅಲ್ಲೂ ಇದೇ ಗತಿ.

ಕೂಲಿ ಸೀರೆಯ ಲೆಕ್ಕದಲ್ಲಿ ಸಿಗುವಾಗ "ಆಗಾಗ ಎದ್ದು ಓಡಾಡಿ" ಎನ್ನುವುದು ಸುಲಭ, ಮಾಡುವುದು ಕಷ್ಟ. ಲಾಳಿಯ ಕಂಡಿಕೆ ಬದಲಿಸುವಾಗ ಬೆನ್ನು ಸಡಿಲಿಸಬಹುದು. ಮಗ್ಗದ ಮೇಲೆ ಒಳ್ಳೆಯ ಬೆಳಕಿರಲಿ. ಬೆಳಕು ಮಂಕಾದಷ್ಟೂ ಕತ್ತು ಬಾಗುತ್ತದೆ. ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.