ಹಿಮದ ನಾಡಿನ ನಾಯಿ, ಮಳೆಯ ಊರಿನಲ್ಲಿ

ಗೇಟಿನ ಸಂದಿಯಿಂದ ಮೂತಿ ಹೊರಹಾಕಿ ದಾರಿಹೋಕರನ್ನೆಲ್ಲ ಗದರಿಸುವ ಬಿಳಿ ರೋಮದ ಪುಟ್ಟ ನಾಯಿಯನ್ನು ಮಂಗಳೂರಿಗರು 'ಪಾಮ್' ಎಂದು ಕರೆಯುತ್ತಾರೆ. ಪೊಮೇರಿಯನ್ ಎಂಬುದರ ಮೊಟಕು ರೂಪವಿದು. ಆದರೆ ನಮ್ಮಲ್ಲಿ ಈ ಹೆಸರಿನಿಂದ ಕರೆಸಿಕೊಳ್ಳುವ ಹೆಚ್ಚಿನವು ಇಂಡಿಯನ್ ಸ್ಪಿಟ್ಸ್ ಎಂಬ ಬೇರೆಯೇ ತಳಿ.

ಪೊಮೇರಿಯಾ ಎಂಬುದು ಬಾಲ್ಟಿಕ್ ಕಡಲ ತೀರದ ಒಂದು ಪ್ರದೇಶ. ಈಗ ಅದು ಪೋಲೆಂಡ್ ಮತ್ತು ಜರ್ಮನಿಗಳ ನಡುವೆ ಹಂಚಿಹೋಗಿದೆ. ಅಲ್ಲಿನ ನಾಯಿಯನ್ನು 1767ರಲ್ಲಿ ರಾಣಿ ಶಾರ್ಲೆಟ್ ಇಂಗ್ಲೆಂಡಿಗೆ ತರಿಸಿಕೊಂಡಳು. ಆಗ ಅದು ಇಂದಿನಷ್ಟು ಚಿಕ್ಕದಾಗಿರಲಿಲ್ಲ. 1888ರಲ್ಲಿ ಇಟಲಿಯ ಫ್ಲಾರೆನ್ಸ್‌ಗೆ ಹೋದ ವಿಕ್ಟೋರಿಯಾ ರಾಣಿ ಅಲ್ಲಿಂದ ಮಾರ್ಕೋ ಎಂಬ ಚಿಕ್ಕ ಗಾತ್ರದ ನಾಯಿಯನ್ನು ತಂದಳು. ಅರಮನೆಯ ಅಭಿರುಚಿಯೇ ಊರಿನ ಫ್ಯಾಷನ್ ಆಯಿತು, ನಾಯಿ ಕುಗ್ಗುತ್ತಾ ಹೋಯಿತು. ಬ್ರಿಟಿಷರ ಕಾಲದಲ್ಲಿ ಭಾರತಕ್ಕೆ ಬಂದ ಜರ್ಮನ್ ಸ್ಪಿಟ್ಸ್‌ಗಳ ಸಂತತಿ ನಮ್ಮ ಸೆಕೆಗೆ ಹೊಂದಿಕೊಂಡು ಇಂಡಿಯನ್ ಸ್ಪಿಟ್ಸ್ ಆಯಿತು. 1994ರ 'ಹಮ್ ಆಪ್ಕೆ ಹೈ ಕೌನ್' ಚಿತ್ರದ ಟಫಿ ಅದನ್ನು ಮನೆಮಾತಾಗಿಸಿತು.

ಕನ್ನಡ ನಾಡಿಗೆ ನಾಯಿಯ ಪ್ರೀತಿ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ 10ನೇ ಶತಮಾನದ ಶಾಸನ ಕಾಳಿ ಎಂಬ ಬೇಟೆನಾಯಿಯ ಸ್ಮಾರಕ. ಗಂಗರಸ ಬೂತುಗ ತನ್ನ ವೀರ ಮಣಲೆರನಿಗೆ ಕೊಟ್ಟ ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಆದರೆ ಕಾಳಿಗೆ ಸಿಕ್ಕಿದ್ದು ದುಡಿಮೆಯ ಗೌರವ. ಕೆಲಸವಿಲ್ಲದೆ ಬರೇ ಒಡನಾಟಕ್ಕೆಂದು ಮಡಿಲಿಗೇರಿದ ನಾಯಿಯ ಕಥೆ ಬೇರೆ.

ಪ್ರೀತಿಯ ಜೊತೆಗೆ ಭಯವೂ ಇತ್ತು. ದಕ್ಷಿಣ ಕನ್ನಡ 1956ರವರೆಗೂ ಮದ್ರಾಸಿಗೆ ಸೇರಿದ್ದ ಜಿಲ್ಲೆ. ಹುಚ್ಚುನಾಯಿ ಕಡಿತದ ಚಿಕಿತ್ಸೆಗಾಗಿ ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆ ಕೂನೂರಿನಲ್ಲಿ ಆರಂಭವಾದದ್ದು 1907ರಲ್ಲಿ. ಇಂದು ಲಸಿಕೆ ಪಶು ಆಸ್ಪತ್ರೆಯಲ್ಲೇ ದೊರೆಯುತ್ತದೆ. ನಾಯಿ ಎಷ್ಟೇ ಪುಟ್ಟದಿರಲಿ, ಮನೆಯೊಳಗೇ ಇರಲಿ, ವರ್ಷವರ್ಷವೂ ಲಸಿಕೆ ತಪ್ಪಿಸಬಾರದು.

ಮುಸ್ಲಿಮ್ ಮನೆಗಳಲ್ಲಿ ಈ ನಾಯಿ ಕಾಣಸಿಗುವುದು ಕಡಿಮೆ. ಬ್ಯಾರಿಗಳು ಹೆಚ್ಚಾಗಿ ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ನಾಯಿಯ ಒದ್ದೆ ತಾಗಿದರೆ ಏಳು ಬಾರಿ, ಅದರಲ್ಲಿ ಒಮ್ಮೆ ಮಣ್ಣು ಬೆರೆಸಿ ತೊಳೆಯಬೇಕು. ಮಾಲಿಕೀ ವಿದ್ವಾಂಸರ ನಿಲುವು ಇದಕ್ಕಿಂತ ಭಿನ್ನ. ಬೇಟೆಗೆ, ಹಿಂಡಿಗೆ, ಹೊಲದ ಕಾವಲಿಗೆ ನಾಯಿ ಸಾಕಲು ಅನುಮತಿಯಿದೆ. ಆದರೆ ಶುದ್ಧಿಯ ನಿಯಮ ದ್ವೇಷದ ಪರವಾನಗಿಯಲ್ಲ. ಕುರ್‌ಆನಿನ ಗುಹಾವಾಸಿಗಳ ಕಥೆಯಲ್ಲಿ ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿದ ನಾಯಿಯಿದೆ. ಬಾಯಾರಿದ ನಾಯಿಗೆ ಬಾವಿಯಿಂದ ನೀರು ಮೊಗೆದು ಕೊಟ್ಟವನನ್ನು ಅಲ್ಲಾಹನು ಕ್ಷಮಿಸಿದನೆಂದು ಪ್ರವಾದಿ(ಸ) ಕಲಿಸಿದ್ದಾರೆ. ನಾಯಿಯ ಗುಣಗಳನ್ನು ಕೊಂಡಾಡಿ ಸುಮಾರು 1,100 ವರ್ಷಗಳ ಹಿಂದೆಯೇ ಬಗ್ದಾದಿನ ಇಬ್ನುಲ್ ಮರ್ಝುಬಾನ್ ಒಂದು ಗ್ರಂಥವನ್ನೇ ರಚಿಸಿದ್ದರು. ಸಾಕದಿರುವುದು ಒಬ್ಬನ ಆಯ್ಕೆಯಾಗಬಹುದು. ನೆರೆಮನೆಯ ನಾಯಿಗೆ ಕಲ್ಲೆಸೆಯುವುದು ಆಯ್ಕೆಯಲ್ಲ. ಹಾಗೆಯೇ, ನಮಾಝಿಗೆ ಹೊರಟವನ ಬಟ್ಟೆಗೆ ತನ್ನ ನಾಯಿ ಮೂತಿ ತಾಗಿಸದಂತೆ ಫ್ಲ್ಯಾಟಿನ ಲಿಫ್ಟಿನಲ್ಲಿ ಹಗ್ಗ ಬಿಗಿಹಿಡಿಯುವುದು ಸಾಕುವವನ ಸೌಜನ್ಯ.

ಇನ್ನು ನಾಯಿಯ ಪಾಡು. ಚಳಿ ತಡೆಯಲೆಂದು ಬೆಳೆದ ಎರಡು ಪದರದ ರೋಮ, ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿಗೆ ಬಂದು ಸೇರಿದೆ. ಆಷಾಢದಲ್ಲಿ ಒಳಪದರ ಒಣಗದೆ ಉಳಿದರೆ ಬೂಷ್ಟು, ತುರಿಕಜ್ಜಿ. ರೋಮದೊಳಗೆ ಅಡಗುವ ಉಣ್ಣಿ ಪ್ರಾಣಕ್ಕೇ ಕುತ್ತಾಗುವ ಜ್ವರ ತರಬಲ್ಲದು. ದಿನವೂ ಬಾಚಬೇಕು, ಕಿವಿ ಮತ್ತು ಬೆರಳಸಂದಿ ನೋಡಬೇಕು, ಸ್ನಾನದ ಬಳಿಕ ಬುಡದವರೆಗೆ ಒಣಗಿಸಬೇಕು. ಬೇಸಿಗೆಯಲ್ಲಿ ಬೆಳಗ್ಗೆ, ಸಂಜೆ ಮಾತ್ರ ಅಡ್ಡಾಡಿಸಬೇಕು. ಸೆಕೆಯೆಂದು ಪೂರ್ತಿ ಬೋಳಿಸುವುದು ಅಪಾಯ. ಬಿಸಿಲನ್ನು ತಡೆಯುವುದೂ ಆ ರೋಮವೇ, ಬೋಳಿಸಿದರೆ ಕೆಲವೊಮ್ಮೆ ಸರಿಯಾಗಿ ಮತ್ತೆ ಬೆಳೆಯುವುದೂ ಇಲ್ಲ.

ಫ್ಯಾಷನ್ ಬದಲಾಗಿದೆ. ಪಾಮ್‌ನ ಜಾಗಕ್ಕೆ ಈಗ ಶಿಟ್ಝು ಬಂದಿದೆ. ವ್ಯಾಪಾರಿ ತಳಿಸಂವರ್ಧನೆಗೆಂದು ನಾಯಿಗಳ ಆಮದನ್ನು ಸರಕಾರ 2016ರಲ್ಲಿ ತಡೆಯಿತು, 2017ರಲ್ಲಿ ತಳಿ ಬೆಳೆಸಿ ಮಾರುವವರಿಗೆ ನಿಯಮಗಳು ಬಂದವು. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಮುದಿಯಾಗಿ ಕಣ್ಣು ಮಂಜಾದ ನಾಯಿಯನ್ನು ರಾತ್ರಿ ಬೀದಿಯಲ್ಲಿ ಇಳಿಸಿಹೋಗುವವನ ಬೆನ್ನಿಗೆ ಕಾನೂನು ಇರುವುದಿಲ್ಲ, ಮನಸ್ಸಾಕ್ಷಿ ಮಾತ್ರ ಇರುತ್ತದೆ.

ಈ ಗಾತ್ರವನ್ನು, ಈ ರೋಮವನ್ನು ನಾಯಿ ತಾನಾಗಿ ಬೇಡಿಕೊಂಡದ್ದಲ್ಲ. ಮನುಷ್ಯ ತನ್ನ ಸಂತೋಷಕ್ಕಾಗಿ ರೂಪಿಸಿ, ಕಡಲು ದಾಟಿಸಿ ತಂದ ಜೀವವದು. ಅದನ್ನು ಬಯಸಿ ಮನೆಗೆ ತಂದವರು ಕೊನೆಯವರೆಗೂ ನೋಡಿಕೊಳ್ಳುವುದು ದಯೆಯಲ್ಲ, ಸಾಲ ತೀರಿಸುವಿಕೆ.